ಕಾಣಲಿಲ್ಲ, ಇಲ್ಲ, ಅಲ್ಲ: ಶೀಘ್ರಪರೀಕ್ಷೆಯ ಭಾಷೆಯನ್ನು ಕುರಿತು ಒಂದು ವಿಮರ್ಶೆ

ಉಸಿರಾಟಕ್ಕೆ ತೊಂದರೆಯಾಗಿ, ಮೈ ಕಾದು, ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿಯ ಮೂಗಿನೊಳಕ್ಕೆ ಹತ್ತಿಕಡ್ಡಿಯೊಂದನ್ನು ತೂರಿಸಿ ತಿರುಗಿಸಿ, ಅದನ್ನು ಒಂದು ದ್ರವದಲ್ಲಿ ಅದ್ದಿ, ಆ ದ್ರವದ ಕೆಲವು ಹನಿಗಳನ್ನು ಪಟ್ಟಿಯೊಂದರ ಮೇಲೆ ಬಿಟ್ಟು, ಮಂಚದ ಪಕ್ಕದಲ್ಲಿಯೇ ಕಾಲುಗಂಟೆಯೊಳಗಾಗಿ ಇಂಥ ವೈರಾಣುವು ಉಂಟೋ ಇಲ್ಲವೋ ಎಂದು ಹೇಳುವ ಪದ್ಧತಿಯು ಈಗ ಲೋಕದಲ್ಲೆಲ್ಲ ರೂಢಿಗೆ ಬಂದಿದೆ. ಇದರ ಗುಣದೋಷಗಳನ್ನು ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಬಹುವಾಗಿ ಚರ್ಚಿಸಿದ್ದಾರೆ. ಅದರಲ್ಲಿ ತರ್ಕವ್ಯಾಕರಣಗಳನ್ನು ಓದಿದವನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಪರೀಕ್ಷೆಯು ಮುಗಿದಾಗ ಹುಟ್ಟುವುದು ಒಂದು ವಾಕ್ಯ. ಆ ವಾಕ್ಯವನ್ನು ರೋಗಿಯು ಕೇಳುತ್ತಾನೆ, ಅವನ ಮನೆಯವರು ಕೇಳುತ್ತಾರೆ, ಮಂಚವನ್ನು ಯಾವ ಕೊಠಡಿಗೆ ತಳ್ಳಬೇಕೆಂದು ಕಾದು ನಿಂತಿರುವ ಆಳೂ ಕೇಳುತ್ತಾನೆ. ಕೇಳಿದವರು ಅದಕ್ಕೆ ತಕ್ಕಂತೆ ನಡೆಯುತ್ತಾರೆ. ವಾಕ್ಯಾರ್ಥವಿಚಾರವು ನಮ್ಮದೇ ಆದ್ದರಿಂದ ಈ ಲೇಖನಕ್ಕೆ ಅಷ್ಟುಮಟ್ಟಿನ ಅಧಿಕಾರವುಂಟೆಂದು ಭಾವಿಸುತ್ತೇನೆ.

ಈ ಪರೀಕ್ಷೆಗಳಲ್ಲಿ ಎರಡು ಬಗೆ. ಮೊದಲನೆಯದು ಪಟ್ಟಿಯದು. ವೈರಾಣುವಿನ ಒಂದು ಪ್ರೋಟೀನನ್ನು, ಎಂದರೆ ಆಂಟಿಜೆನ್ನನ್ನು, ಅಂಟಿ ಹಿಡಿಯುವ ಪ್ರತಿಕಾಯಗಳನ್ನು ಬಣ್ಣದ ಸೂಕ್ಷ್ಮಕಣಗಳೊಡನೆ ಕೂಡಿಸಿ ಪಟ್ಟಿಯಲ್ಲಿಟ್ಟಿರುತ್ತಾರೆ. ದ್ರವವು ಹರಿದುಹೋಗುವಾಗ ಆ ಆಂಟಿಜೆನ್ ಸಾಕಷ್ಟಿದ್ದರೆ 'ಟಿ' ಎಂಬ ಗುರುತಿನೆದುರು ಗೆರೆಯೊಂದು ಮೂಡುವುದು. 'ಸಿ' ಎಂಬ ಗುರುತಿನೆದುರು ಮೂಡುವ ಇನ್ನೊಂದು ಗೆರೆಯು ದ್ರವವು ಹರಿಯಿತು, ಪಟ್ಟಿಯು ಕೆಲಸಮಾಡಿತು ಎಂಬಷ್ಟಕ್ಕೆ ಮಾತ್ರ ಸಾಕ್ಷಿ. ಎರಡನೆಯದು ಯಂತ್ರದ ಬಗೆ. ವೈರಾಣುವಿನ ಬೀಜದ್ರವ್ಯವು ಅತ್ಯಲ್ಪವಾಗಿದ್ದರೂ ಅದನ್ನು ಇಮ್ಮಡಿಗೆ ಇಮ್ಮಡಿಯಾಗಿ ಬೆಳೆಸಿ ತೋರಿಸುವ ಯಂತ್ರಗಳಿವೆ. ಫಿಲ್ಮ್‌ಅರೇ ಎಂಬುದು ಸುಮಾರು ಒಂದು ಗಂಟೆಯಲ್ಲಿ ಶ್ವಾಸಮಾರ್ಗದ ಇಪ್ಪತ್ತರಷ್ಟು ರೋಗಾಣುಗಳನ್ನು ಒಟ್ಟಿಗೆ ಅರಸಿ ನೋಡುತ್ತದೆ. ಪಟ್ಟಿಯು ಅಗ್ಗ, ಶೀಘ್ರ. ಯಂತ್ರವು ದುಬಾರಿ, ಆದರೆ ಅದರ ಕಣ್ಣು ಸೂಕ್ಷ್ಮ.

ಇನ್ನು ಭಾಷೆಯ ವಿಷಯ. ೨೦೨೦ನೆಯ ಇಸವಿಯಿಂದೀಚೆಗೆ 'ಪಾಸಿಟಿವ್', 'ನೆಗೆಟಿವ್' ಎಂಬೆರಡು ಶಬ್ದಗಳು ಕನ್ನಡನಾಡಿನ ಹಳ್ಳಿಹಳ್ಳಿಗೂ ಹೊಕ್ಕಿವೆ. ಇವನ್ನು ಕನ್ನಡಿಸಹೊರಟವರು ಕೆಲವರು 'ಧನಾತ್ಮಕ', 'ಋಣಾತ್ಮಕ' ಎಂದರು. ಕೆಲವರು 'ಸಕಾರಾತ್ಮಕ', 'ನಕಾರಾತ್ಮಕ' ಎಂದರು. ವೃತ್ತಪತ್ರಿಕೆಗಳಲ್ಲಿ 'ಸೋಂಕು ದೃಢಪಟ್ಟಿದೆ' ಎಂಬ ಪ್ರಯೋಗವು ನೆಲೆಗೊಂಡಿತು. ಮೊದಲನೆಯ ಜೋಡಿಯು ಸರ್ವಥಾ ಅಸಾಧು. ಧನ, ಋಣ ಎಂಬವು ಗಣಿತದ ಸಂಜ್ಞೆಗಳು. ೬೨೮ರಲ್ಲಿ ಬ್ರಹ್ಮಗುಪ್ತನು ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವುಗಳ ಸಂಕಲನ ಗುಣಾಕಾರಗಳಿಗೆ ನಿಯಮವನ್ನು ಹೇಳಿದ್ದಾನೆ. ಸೊನ್ನೆಯಿಂದ ಮೇಲಿರುವ, ಕೆಳಗಿರುವ ರಾಶಿಗಳಿಗೆ ಅವು ಒಪ್ಪುತ್ತವೆ. ಮೂಗಿನಲ್ಲಿ ವೈರಾಣುವು ಸಾಲವಾಗಿ ಇರಲಾರದು. ಧನವು ಬಂದಾಗ ಅಳುವುದು, ಋಣವು ಬಂದಾಗ ಹಿಗ್ಗುವುದು ಎಂಬ ವಿಪರೀತವನ್ನೂ ಈ ಅನುವಾದಕರು ಗಮನಿಸಲಿಲ್ಲ. 'ನಕಾರಾತ್ಮಕ' ಎಂಬುದು ಇದಕ್ಕಿಂತ ವಾಸಿ. ಆದರೆ ನಕಾರವೆಂಬುದು ಒಂದೇ ಅರ್ಥದ ಶಬ್ದವಲ್ಲವೆಂಬುದನ್ನು ವೈಯಾಕರಣರೂ ಮೀಮಾಂಸಕರೂ ಬಲ್ಲರು. ಪ್ರಸಜ್ಯಪ್ರತಿಷೇಧವೆಂದೂ ಪರ್ಯುದಾಸವೆಂದೂ ಅದನ್ನು ಅವರು ಬೇರ್ಪಡಿಸಿದ್ದು ಕೇವಲ ಕುತೂಹಲಕ್ಕಾಗಿ ಅಲ್ಲ.

ಈ ವಿಷಯದಲ್ಲಿ ನಮ್ಮ ಕನ್ನಡವು ಸಂಸ್ಕೃತಕ್ಕಿಂತಲೂ ಸ್ಪಷ್ಟವಾದ ಸಾಧನಗಳನ್ನು ಇಟ್ಟುಕೊಂಡಿದೆ. 'ಇಲ್ಲ' ಎಂಬುದು ಇರವನ್ನು ನಿಷೇಧಿಸುತ್ತದೆ: 'ಕೊಡದಲ್ಲಿ ನೀರಿಲ್ಲ.' 'ಅಲ್ಲ' ಎಂಬುದು ತಾದಾತ್ಮ್ಯವನ್ನು ನಿಷೇಧಿಸುತ್ತದೆ: 'ಇದು ನೀರಲ್ಲ.' ತಾರ್ಕಿಕರು ಸಂಸರ್ಗಾಭಾವ, ಅನ್ಯೋನ್ಯಾಭಾವ ಎಂದು ಪರಿಭಾಷೆ ಕಟ್ಟಿ ಕಲಿಸುವುದನ್ನು ಕನ್ನಡದ ಮೂರು ವರ್ಷದ ಕೂಸು ತಪ್ಪದೆ ಪ್ರಯೋಗಿಸುತ್ತದೆ. ಇವೆರಡಕ್ಕೂ ಹೊರತಾದ ಮೂರನೆಯದು 'ಕಾಣಲಿಲ್ಲ' ಎಂಬುದು. ಇದು ವಸ್ತುವಿನ ಮಾತಲ್ಲ, ನೋಡಿದವನ ಮಾತು. ಹಿಂದಿನ ದಿನದ ಕಾರ್ಯವೊಂದನ್ನು ಹೇಳುತ್ತದೆಯೇ ಹೊರತು ಲೋಕಸ್ಥಿತಿಯನ್ನು ಹೇಳುವುದಿಲ್ಲ. 'ನೆಗೆಟಿವ್' ಎಂಬ ಒಂದೇ ಶಬ್ದದೊಳಗೆ ಈ ಮೂರೂ ಅಡಗಿ ಕುಳಿತಿವೆ. ಪಟ್ಟಿಯು ಹೇಳುವುದು 'ಕಾಣಲಿಲ್ಲ' ಎಂದು. ಮನೆಯವರು ಕೇಳಿಸಿಕೊಳ್ಳುವುದು 'ಇಲ್ಲ' ಎಂದು. ಮಂಚವನ್ನು ಸಾಮಾನ್ಯ ವಾರ್ಡಿಗೆ ಒಯ್ಯುವವನು ನಡೆದುಕೊಳ್ಳುವುದು 'ಇದು ಆ ರೋಗವಲ್ಲ' ಎಂದು. ಒಂದೊಂದು ಹೆಜ್ಜೆಗೂ ಅರ್ಥವು ಬಲಿಯುತ್ತ ಹೋಗುವುದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ಶಬ್ದವು ಒಂದೇ ಆಗಿ ಉಳಿದಿದೆ.

ಇದನ್ನು ಅರಿತವರು ಇರಲಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ನೆಯ ಜೂನ್ ೧೪ರಂದು ಕೋವಿಡ್ ರೋಗದ ಶೀಘ್ರ ಆಂಟಿಜೆನ್ ಪರೀಕ್ಷೆಯ ವಿಚಾರವಾಗಿ ಹೊರಡಿಸಿದ ಸಲಹಾಪತ್ರವನ್ನು ನಾನು ಸೂತ್ರಗ್ರಂಥವನ್ನು ಓದುವಂತೆ ಓದಿದ್ದೇನೆ. ಪರೀಕ್ಷೆಯಲ್ಲಿ ಗೆರೆ ಮೂಡಿದರೆ ಅದನ್ನು ನಿಜವೆಂದೇ ತಿಳಿಯತಕ್ಕದ್ದು, ಮರುಪರೀಕ್ಷೆ ಬೇಡ. ರೋಗಲಕ್ಷಣಗಳುಳ್ಳವನಲ್ಲಿ ಗೆರೆ ಮೂಡದಿದ್ದರೆ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ನಿಶ್ಚಯಿಸತಕ್ಕದ್ದು ಎಂಬುದು ಅದರ ವಿಧಿ. ವಿಧಿಗೆ ಆಧಾರವನ್ನೂ ಅಲ್ಲಿಯೇ ಕೊಟ್ಟಿದೆ. ರೋಗವಿಲ್ಲದವರನ್ನು ಇಲ್ಲವೆಂದೇ ಬಿಡುವುದರಲ್ಲಿ ಆ ಪಟ್ಟಿಯು ೧೦೦ಕ್ಕೆ ೯೯.೩ರಿಂದ ೧೦೦ರವರೆಗೆ ಸರಿ. ರೋಗವುಳ್ಳವರನ್ನು ಹಿಡಿಯುವುದರಲ್ಲಿ ೫೦.೬ರಿಂದ ೮೪ರವರೆಗೆ ಮಾತ್ರ. ಲಕ್ಷಣಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅತಿವ್ಯಾಪ್ತಿಯು ಅತ್ಯಲ್ಪ, ಅವ್ಯಾಪ್ತಿಯು ಬಹಳ. ಆದುದರಿಂದಲೇ 'ಉಂಟು' ಎಂಬುದಕ್ಕೆ ಒಂದು ನ್ಯಾಯ, 'ಕಾಣೆ' ಎಂಬುದಕ್ಕೆ ಇನ್ನೊಂದು ನ್ಯಾಯ. ಇಷ್ಟು ಚೊಕ್ಕವಾದ ವಿಧಿಯು ವಿಧಾನಸೌಧದ ಪ್ರಕಟಣೆಗಳನ್ನೂ ಪತ್ರಿಕೆಗಳ ಶಿರೋನಾಮೆಗಳನ್ನೂ ದಾಟಿ ಜನರ ಕಿವಿಗೆ ಬೀಳುವ ಹೊತ್ತಿಗೆ ಎರಡೂ ಸಮತೂಕದ ಶಬ್ದಗಳಾಗಿ, ತಕ್ಕಡಿಯ ಎರಡು ತಟ್ಟೆಗಳಂತೆ, ತೂಗತೊಡಗಿದವು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕಾಗಿದೆ. ೨೦೨೧ರ ಮೇ ತಿಂಗಳಿನಲ್ಲಿ ನನ್ನ ಭಾವನವರಿಗೆ ಕೆಮ್ಮು ಜ್ವರಗಳು ಹಿಡಿದು ಒಂಬತ್ತನೆಯ ದಿನ ಉಸಿರು ಕಟ್ಟಿದಂತಾಗಲು, ಅವರನ್ನು ಒಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆನು. ಕಾಲುಗಂಟೆಯಲ್ಲಿ ದಾದಿಯು ಬಂದು, "ನೆಗೆಟಿವ್ ಬಂದಿದೆ. ಇನ್ನೊಂದು ಸ್ಯಾಂಪಲ್ ಕಳಿಸಿದ್ದೀವಿ" ಎಂದಳು. ಅವಳು ಹೇಳಿದ್ದು ಅಕ್ಷರಶಃ ಸರಿ. ಅಕ್ಕ ದೂರವಾಣಿಯಲ್ಲಿ, "ಏನಂತಪ್ಪಾ ಟೆಸ್ಟಿನಲ್ಲಿ?" ಎಂದು ಕೇಳಿದಳು. ಅನುಪಲಬ್ಧಿಪ್ರಕರಣವನ್ನು ಎಷ್ಟೋ ವರ್ಷ ಪಾಠ ಹೇಳಿದ ನಾನು, "ಏನೂ ಇಲ್ಲವಂತೆ ಅಕ್ಕಾ" ಎಂದೆನು. ಸಂಜೆಗೆ ಔಷಧ ಬರೆಸಿಕೊಂಡು ಮನೆಗೆ ಬಂದ ಭಾವನವರು ಎಂದಿನಂತೆ ನಡುಮನೆಯಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತರು. ಎರಡು ದಿನಗಳ ಮೇಲೆ ಎರಡನೆಯ ಪರೀಕ್ಷೆಯ ವರದಿಯು ಬಂದಿತು. ಅದರಲ್ಲಿ ಸೋಂಕು ಕಂಡಿತ್ತು. ಭಾವನವರು ಉಳಿದರು. ಅವರ ತಾಯಿ ಉಳಿಯಲಿಲ್ಲ. ಮಗನಿಂದಲೇ ಆಕೆಗೆ ತಗುಲಿತೆಂದು ಹೇಳುವುದಕ್ಕೆ ನನ್ನಲ್ಲಿ ಹೇತುವಿಲ್ಲ. ಆ ಮನೆಗೆ ಬಂದುಹೋಗುವವರು ಹಲವರಿದ್ದರು. ಆದರೆ ದಾದಿಯ 'ಬಂದಿದೆ' ಎಂಬ ಕ್ರಿಯಾಪದವನ್ನು 'ಇಲ್ಲ' ಎಂದು ಅನುವಾದಿಸಿದವನು ನಾನು. ಜನಸಾಮಾನ್ಯರು ಹೇಳುವ 'ನೆಗೆಟಿವ್ ಬಂತು' ಎಂಬ ಮಾತು ಪಂಡಿತರ ಅನುವಾದಗಳಿಗಿಂತ ಎಚ್ಚರವುಳ್ಳದ್ದೆಂದು ಆಗಿನಿಂದ ನನಗೆ ತೋರುತ್ತಿದೆ. ಬಂದದ್ದು ವರದಿ, ರೋಗದ ಮಾತು ಅದರಲ್ಲಿ ಇನ್ನೂ ಬಂದಿಲ್ಲ.

ಕಾಣದಿರುವುದರಿಂದ ಇಲ್ಲದಿರುವುದನ್ನು ಯಾವಾಗ ತಿಳಿಯಬಹುದೆಂಬುದು ನಮ್ಮ ಶಾಸ್ತ್ರಗಳ ಹಳೆಯ ಪ್ರಶ್ನೆ. ಕುಮಾರಿಲಭಟ್ಟನ ಮತದವರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಅಂಗೀಕರಿಸಿದರೂ ಎಲ್ಲ ಅನುಪಲಬ್ಧಿಯನ್ನೂ ಪ್ರಮಾಣವೆನ್ನಲಿಲ್ಲ. ವಸ್ತುವು ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎಂಬ ಯೋಗ್ಯತೆಯಿರುವಲ್ಲಿ ಮಾತ್ರ ಅದು ಅಭಾವವನ್ನು ಸಾಧಿಸುತ್ತದೆ. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗಲಿಲ್ಲ. ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಚಾರ್ವಾಕನನ್ನು ಹಾಸ್ಯಮಾಡಿರುವುದು ಇದನ್ನು ಹಿಡಿದೇ. ಕಾಣದ್ದೆಲ್ಲ ಇಲ್ಲವೆಂಬುದು ನಿಜವಾದರೆ, ಮನೆಯಿಂದ ಹೊರಗೆ ಹೊರಟ ಚಾರ್ವಾಕನು ಹೆಂಡಿರು ಮಕ್ಕಳನ್ನು ಕಾಣದೆ ಅವರೆಲ್ಲ ಇಲ್ಲವಾದರೆಂದು ಬೀದಿಯಲ್ಲಿ ನಿಂತು ಎದೆ ಬಡಿದುಕೊಳ್ಳಬೇಕಾಗುತ್ತದೆ! ನನ್ನದು ಇದರ ವಿಪರ್ಯಯವಾಯಿತು. ಅಳಬೇಕಾದಲ್ಲಿ ನಾವು ಹಿಗ್ಗಿದೆವು.

ಆದರೆ ಈ ಪ್ರಕರಣಕ್ಕೆ ಅತ್ಯಂತ ಉಪಯುಕ್ತವಾದ ಮಾತು ತಾರ್ಕಿಕರದಲ್ಲ, ವೈದ್ಯನದು. ಚರಕಸಂಹಿತೆಯ ಸೂತ್ರಸ್ಥಾನದ ೧೧ನೆಯದಾದ ತಿಸ್ರೈಷಣೀಯಾಧ್ಯಾಯದಲ್ಲಿ, ಇರುವ ವಸ್ತುವೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಹೇಳಿದೆ. ಸಾಂಖ್ಯಕಾರಿಕೆಯಲ್ಲಿಯೂ ಎಂಟು ಕಾರಣಗಳ ಪಟ್ಟಿಯುಂಟು. ಆದರೆ ಅಲ್ಲಿ ಅದು ಪ್ರಕೃತಿಪುರುಷರ ಸಾಧನೆಗಾಗಿ ಬಂದಿದೆ. ರೋಗಿಯ ಎದುರು ಕುಳಿತವನ ಗ್ರಂಥದಲ್ಲಿ ಅದು ಬಂದಿರುವುದೇ ವಿಶೇಷ. ಆ ಎಂಟನ್ನೂ ತುರ್ತು ವಿಭಾಗದ ಮಂಚದ ಪಕ್ಕಕ್ಕೆ ತಂದು ನೋಡಬಹುದು. ಅತಿಸೌಕ್ಷ್ಮ್ಯವೆಂಬುದು ಎಲ್ಲರಿಗೂ ತಿಳಿದದ್ದೇ: ಸೋಂಕಿನ ಮೊದಲ ದಿನಗಳಲ್ಲಿಯೂ ಇಳಿಗಾಲದಲ್ಲಿಯೂ ಮೂಗಿನಲ್ಲಿ ವೈರಾಣುವಿನ ಪ್ರಮಾಣವು ಪಟ್ಟಿಯ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಕೋವಿಡ್ ಆಂಟಿಜೆನ್ ಪರೀಕ್ಷೆಗಳನ್ನು ಕುರಿತ ೨೦೨೨ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಲಕ್ಷಣಗಳು ತೋರಿದ ಮೊದಲನೆಯ ವಾರದಲ್ಲಿ ೧೦೦ ರೋಗಿಗಳಲ್ಲಿ ಸುಮಾರು ೮೧ ಮಂದಿಯನ್ನು ಹಿಡಿದ ಪಟ್ಟಿಗಳು ಎರಡನೆಯ ವಾರದಲ್ಲಿ ಹಿಡಿದದ್ದು ಸುಮಾರು ೫೪ ಮಂದಿಯನ್ನು. ಅತಿವಿಪ್ರಕರ್ಷ, ಎಂದರೆ ಬಹುದೂರ: ರೋಗವು ಶ್ವಾಸಕೋಶಕ್ಕೆ ಇಳಿದುಹೋಗಿರುವಾಗ ಕಡ್ಡಿಯು ಮೂಗಿನಲ್ಲಿಯೇ ಅರಸುತ್ತಿರುತ್ತದೆ. ಆವರಣ: ಕಡ್ಡಿಯು ಒಳಕ್ಕೆ ಹೋಗದೆ ಮುಂದಿನ ಸಿಂಬಳವನ್ನಷ್ಟೇ ಒರೆಸಿಕೊಂಡು ಬರುತ್ತದೆ. ಕರಣದೌರ್ಬಲ್ಯ: ೨ರಿಂದ ೩೦ ಡಿಗ್ರಿಯ ಶಾಖದಲ್ಲಿ ಇರತಕ್ಕ ಪೆಟ್ಟಿಗೆಯು ಬೇಸಗೆಯ ಬಿಸಿಲಿನಲ್ಲಿ ಬಿದ್ದಿರುತ್ತದೆ. ಮನೋನವಸ್ಥಾನ: ಹದಿನೈದು ನಿಮಿಷಕ್ಕೆ ನೋಡಬೇಕಾದ ಗೆರೆಯನ್ನು, ಇರುಳೆಲ್ಲ ಎಚ್ಚರವಿದ್ದು ಮೂರು ಮಂಚಗಳನ್ನು ನೋಡಿಕೊಳ್ಳುವವಳು ಐದು ನಿಮಿಷಕ್ಕೋ ಒಂದು ಗಂಟೆಗೋ ನೋಡುತ್ತಾಳೆ, ಅವಳನ್ನು ದೂರುವಂತಿಲ್ಲ. ಅಭಿಭವ: ಹಗಲಿನ ನಕ್ಷತ್ರಗಳಂತೆ, ಮಿಶ್ರಸೋಂಕಿನಲ್ಲಿ ಪ್ರಬಲವಾದುದರ ಮುಂದೆ ದುರ್ಬಲವಾದುದು ಮರೆಯಾಗಬಹುದು. ಸಮಾನಾಭಿಹಾರ: ಉದ್ದಿನ ರಾಶಿಯಲ್ಲಿ ಬಿದ್ದ ಉದ್ದಿನ ಕಾಳಿನಂತೆ, ಫಿಲ್ಮ್‌ಅರೇಯಂಥ ಯಂತ್ರವೂ ರೈನೋವೈರಸ್ಸನ್ನೂ ಎಂಟೆರೋವೈರಸ್ಸನ್ನೂ ಬಿಡಿಸಲಾರದೆ ಎರಡನ್ನೂ ಒಂದೇ ಹೆಸರಿನಲ್ಲಿ ಹೇಳುತ್ತದೆ. ಉಳಿದ ಅತಿಸನ್ನಿಕರ್ಷಕ್ಕೆ ಇಲ್ಲಿ ಉದಾಹರಣೆಯನ್ನು ಹುಡುಕುವುದು ಎಳೆದಾಟವಾದೀತು. ಎಂಟಕ್ಕೆ ಎಂಟೂ ಹೊಂದಲೇಬೇಕೆಂಬ ಹಟವು ನಮ್ಮ ವ್ಯಾಖ್ಯಾನಕಾರರ ಹಳೆಯ ದೌರ್ಬಲ್ಯ.

ಇದರಿಂದ ಹೊರಡುವ ಒಂದು ಸಂಗತಿಯನ್ನು ವೈದ್ಯಪತ್ರಿಕೆಗಳಲ್ಲಿ ಸಾಕಷ್ಟು ಒತ್ತಿ ಹೇಳಿದಂತೆ ಕಾಣೆನು. ಪಟ್ಟಿಯ ಬದಲಿಗೆ ಯಂತ್ರವನ್ನು ತಂದರೆ ಪರಿಹಾರವಾಗುವುದು ಅತಿಸೌಕ್ಷ್ಮ್ಯವೊಂದೇ. ಇನ್‌ಫ್ಲುಯೆಂಜಾದ ಹಳೆಯ ಪಟ್ಟಿಗಳು ಬಹಳ ತಪ್ಪುತ್ತಿದ್ದುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೧೭ರಲ್ಲಿ ನಿಯಮವನ್ನು ಬಿಗಿಗೊಳಿಸಿ, ೧೦೦ಕ್ಕೆ ೮೦ನ್ನಾದರೂ ಹಿಡಿಯತಕ್ಕದ್ದೆಂದು ವಿಧಿಸಿತು, ಅದು ಒಳ್ಳೆಯದೇ. ಆದರೆ ದೂರ, ಆವರಣ, ಅನವಧಾನ ಇವು ಯಂತ್ರಕ್ಕೂ ತಪ್ಪಿದ್ದಲ್ಲ. ಮೂಗಿನಿಂದ ತಂದ ಕಡ್ಡಿಯಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ಬೆಳೆಸಿ ತೋರಿಸಲಾರದು. 'ಸಿ' ಎಂಬ ಗೆರೆಯನ್ನು ನೋಡಿ ಪರೀಕ್ಷೆಯು ಸಾಧುವಾಯಿತೆಂದು ಬರೆಯುತ್ತಾರೆ. ಆ ಗೆರೆಯು ಹೇಳುವುದು ಕಣ್ಣು ತೆರೆದಿತ್ತು ಎಂದು. ಕಣ್ಣೆದುರಿಗೆ ತಕ್ಕ ವಸ್ತುವನ್ನು ತಂದಿಟ್ಟರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಯೋಗ್ಯತೆಯ ಎರಡು ಅಂಗಗಳಲ್ಲಿ ಒಂದನ್ನು ಮಾತ್ರ ತೋರಿಸಿ ಎರಡನ್ನೂ ತೋರಿಸಿದಂತೆ ನಡೆದುಕೊಳ್ಳುವುದು ಇಲ್ಲಿನ ಮುಖ್ಯವಾದ ಹೇತ್ವಾಭಾಸ.

ಇನ್ನೊಂದು ತೊಡಕು ಋತುವಿನದು. ಧೂಮದಿಂದ ಅಗ್ನಿಯನ್ನು ಊಹಿಸಬಹುದು. ಅಗ್ನಿಯಿಂದ ಧೂಮವನ್ನು ಊಹಿಸುವುದಕ್ಕೆ ಹಸಿಸೌದೆಯೆಂಬ ಉಪಾಧಿಯು ಬೇಕು. ಪರೀಕ್ಷೆಯ ಫಲಕ್ಕೂ ಅಂಥ ಉಪಾಧಿಯುಂಟು. ಅದು ಪರೀಕ್ಷೆಯೊಳಗಿಲ್ಲ, ಊರಿನಲ್ಲಿದೆ. ಇನ್‌ಫ್ಲುಯೆಂಜಾ ಪಟ್ಟಿಗಳನ್ನು ಕುರಿತು ೨೦೧೨ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಹಿಡಿಯುವ ಶಕ್ತಿಯು ೧೦೦ಕ್ಕೆ ೬೨.೩ ಎಂದೂ, ಇಲ್ಲದವರನ್ನು ಬಿಟ್ಟುಬಿಡುವ ಶಕ್ತಿಯು ೯೮.೨ ಎಂದೂ ಲೆಕ್ಕಹಾಕಿದ್ದಾರೆ. ಇದನ್ನು ಇಟ್ಟುಕೊಂಡು ಒಂದು ಗಣಿತವನ್ನು ಮಾಡಿ ನೋಡೋಣ. ರೋಗವು ಹಬ್ಬಿದ ಕಾಲದಲ್ಲಿ, ಬಂದ ೧೦೦೦ ಮಂದಿಯಲ್ಲಿ ೩೦೦ ಮಂದಿಗೆ ರೋಗವಿದೆಯೆಂದು ಇಟ್ಟುಕೊಂಡರೆ, ಪಟ್ಟಿಯು ೧೮೭ ಮಂದಿಯನ್ನು ಹಿಡಿದು ೧೧೩ ಮಂದಿಯನ್ನು ಬಿಡುತ್ತದೆ. ರೋಗವಿಲ್ಲದ ೧೩ ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಆಗ 'ನೆಗೆಟಿವ್' ಎನ್ನಿಸಿಕೊಂಡ ೮೦೦ ಮಂದಿಯಲ್ಲಿ ಏಳರಲ್ಲೊಬ್ಬನಿಗೆ ರೋಗವಿದೆ. ರೋಗವು ಅಡಗಿದ ಕಾಲದಲ್ಲಿ ೧೦೦೦ಕ್ಕೆ ೨೦ ಮಂದಿಗೆ ಮಾತ್ರ ರೋಗವೆಂದಾದರೆ ಸರಿಯಾಗಿ ಸಿಕ್ಕುವವರು ೧೨, ತಪ್ಪಾಗಿ ಸಿಕ್ಕುವವರು ೧೮. ಈಗ 'ಪಾಸಿಟಿವ್' ಎಂಬುದೇ ಅರ್ಧಕ್ಕಿಂತ ಹೆಚ್ಚು ಸುಳ್ಳು. ಪಟ್ಟಿ ಅದೇ, ಗೆರೆ ಅದೇ, ಶಬ್ದವೂ ಅದೇ. ಮಾಘದಲ್ಲಿ ನಂಬತಕ್ಕ ವಾಕ್ಯವನ್ನು ವೈಶಾಖದಲ್ಲಿ ಶಂಕಿಸಬೇಕಾಗುತ್ತದೆ. 'ದೃಢಪಟ್ಟಿದೆ' ಎಂಬ ಕ್ರಿಯಾಪದವು ಇಷ್ಟು ಭಾರವನ್ನು ಹೊರಲಾರದು.

ಕಾಣದಿರುವುದರ ಕಥೆ ಹೀಗಾದರೆ ಕಂಡದ್ದರ ಕಥೆಯೂ ನಿಷ್ಕಂಟಕವಲ್ಲ. 'ಕಾಣಲಿಲ್ಲ, ಇಲ್ಲ, ಅಲ್ಲ' ಎಂಬ ಮೂರು ಮೆಟ್ಟಿಲುಗಳಿರುವಂತೆಯೇ 'ಕಂಡಿತು, ಇದೆ, ಅದರಿಂದಲೇ' ಎಂಬ ಮೂರು ಮೆಟ್ಟಿಲುಗಳು ಈ ಕಡೆಯೂ ಉಂಟು. ಮೂಗಿನಲ್ಲಿ ವೈರಾಣುವು ಕಂಡಮಾತ್ರಕ್ಕೆ ಈಗಿನ ಉಬ್ಬಸವು ಅದರಿಂದಲೇ ಎಂದಾಗದು. ರೈನೋವೈರಸ್ಸು ಆಡಿಕೊಂಡಿರುವ ಆರೋಗ್ಯವಂತ ಮಕ್ಕಳ ಮೂಗಿನಲ್ಲಿಯೂ ಸಿಕ್ಕುತ್ತದೆ. ವೈರಾಣುವಿನೊಡನೆ ಬ್ಯಾಕ್ಟೀರಿಯವೂ ಸೇರಿಕೊಂಡಿರಬಹುದು. ಅಮೆರಿಕದಲ್ಲಿ ನ್ಯುಮೋನಿಯದಿಂದ ಆಸ್ಪತ್ರೆ ಸೇರಿದ ವಯಸ್ಕರನ್ನು ಕುರಿತು ೨೦೧೫ರಲ್ಲಿ ಪ್ರಕಟವಾದ ಒಂದು ವ್ಯಾಪಕವಾದ ಅಧ್ಯಯನದಲ್ಲಿ, ಸಕಲ ಪರೀಕ್ಷೆಗಳನ್ನು ಮಾಡಿದ ಮೇಲೆಯೂ ೧೦೦ಕ್ಕೆ ೩೮ ಮಂದಿಯಲ್ಲಿ ಮಾತ್ರ ಯಾವುದಾದರೊಂದು ರೋಗಾಣುವು ಕಂಡಿತು. ೬೨ ಮಂದಿಯಲ್ಲಿ ಏನೂ ಕಾಣಲಿಲ್ಲ. ಆ ೬೨ ಮಂದಿಗೆ ರೋಗವಿಲ್ಲವೆಂದು ಯಾರೂ ಹೇಳಲಿಲ್ಲವಷ್ಟೆ. ಸಾಹಚರ್ಯವು ಕಾರಣತ್ವವಲ್ಲ, ಮಡಕೆಯು ಆಗುವಲ್ಲಿ ಮಣ್ಣು ಹೊತ್ತು ತಂದ ಕತ್ತೆಯೂ ನಿಂತಿರುತ್ತದೆ, ಅದು ಅನ್ಯಥಾಸಿದ್ಧ. ಮೇಲೆ ಹೇಳಿದ ಚರಕಾಧ್ಯಾಯದಲ್ಲಿಯೇ ಪ್ರತ್ಯಕ್ಷಾನುಮಾನಗಳ ಜೊತೆಗೆ ಯುಕ್ತಿಯೆಂಬುದನ್ನು ಬೇರೆಯಾಗಿ ಎಣಿಸಿರುವುದು ಇದಕ್ಕಾಗಿಯೇ ಎಂದು ತೋರುತ್ತದೆ. ಹಲವು ಕಾರಣಗಳು ಕೂಡಿದಲ್ಲಿ ಯಾವುದು ಯಾವುದನ್ನು ಹುಟ್ಟಿಸಿತೆಂದು ಕೂಡಿಸಿ ನೋಡುವ ಬುದ್ಧಿಗೆ ಯುಕ್ತಿಯೆಂದು ಹೆಸರು. ಯಂತ್ರವು ಪ್ರತ್ಯಕ್ಷವನ್ನು ಚುರುಕುಗೊಳಿಸಿದೆ. ಯುಕ್ತಿಯು ಇನ್ನೂ ವೈದ್ಯನ ತಲೆಯಲ್ಲಿಯೇ ಇದೆ.

ಇಲ್ಲಿ ಪೂರ್ವಪಕ್ಷಿಯು ಏಳಬಹುದು: ಇಷ್ಟು ದೋಷಗಳಿದ್ದರೆ ಪರೀಕ್ಷೆಯನ್ನೇ ಬಿಡಬಾರದೇಕೆ? ಅವನ ಕೈಗೆ ಬಲವಾದ ಆಯುಧಗಳೂ ಉಂಟು. ತುರ್ತು ವಿಭಾಗಕ್ಕೆ ಜ್ವರ ಕೆಮ್ಮುಗಳಿಂದ ಬಂದ ಮಕ್ಕಳಲ್ಲಿ ಶೀಘ್ರಪರೀಕ್ಷೆಯ ಫಲವೇನೆಂದು ವಿಚಾರಿಸಿದ ೨೦೧೪ರ ಕಾಕ್ರೇನ್ ಸಮೀಕ್ಷೆಯು ನಾಲ್ಕು ಪ್ರಯೋಗಗಳನ್ನು ತೂಗಿ, ಆಂಟಿಬಯೋಟಿಕ್ ಕೊಡುವುದು ನಿಶ್ಚಿತವಾಗಿ ಕಡಿಮೆಯಾಯಿತೆಂದು ಹೇಳಲಾಗದೆಂದಿತು. ಎದೆಯ ಎಕ್ಸ್‌ರೇ ತೆಗೆಯುವುದು ಮಾತ್ರ ಕಡಿಮೆಯಾಗಿತ್ತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ೨೦೧೫-೧೬ರಲ್ಲಿ ೭೨೦ ಮಂದಿ ವಯಸ್ಕ ರೋಗಿಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಂಚದ ಪಕ್ಕದ ಯಂತ್ರಪರೀಕ್ಷೆಗೆ ಒಳಗಾದವರಲ್ಲಿ ೧೦೦ಕ್ಕೆ ೮೪ ಮಂದಿಯೂ ಒಳಗಾಗದವರಲ್ಲಿ ೮೩ ಮಂದಿಯೂ ಆಂಟಿಬಯೋಟಿಕ್ ತೆಗೆದುಕೊಂಡರು. ೨೦೨೪ರಲ್ಲಿ ೧೧ ಪ್ರಯೋಗಗಳನ್ನೂ ೬೦೬೮ ರೋಗಿಗಳನ್ನೂ ಒಟ್ಟುಗೂಡಿಸಿದ ಸಮೀಕ್ಷೆಯೂ ಅದನ್ನೇ ಹೇಳಿತು. ಪ್ರಮಾಣದಿಂದ ಪ್ರವೃತ್ತಿಯು ಬದಲಾಗದಿದ್ದರೆ ಆ ಪ್ರಮಾಣದ ಪ್ರಯೋಜನವೇನು ಎಂದು ವಾತ್ಸ್ಯಾಯನಭಾಷ್ಯವನ್ನು ಓದಿದವನು ಕೇಳದೆ ಬಿಡನು.

ಈ ಪ್ರಯೋಗಗ್ರಂಥಗಳನ್ನು ಓದುವಾಗ ನಿಧಾನವಾಗಿ ಓದಬೇಕು. ಸೌತಾಂಪ್ಟನ್ನಿನ ಪ್ರಯೋಗಕಾರರು ತಾವು ಆರಿಸಿಕೊಂಡ ಮುಖ್ಯಫಲವು ಭೇದವನ್ನು ಹಿಡಿಯಲಿಲ್ಲವೆಂದು ತಾವೇ ಒಪ್ಪಿಕೊಂಡಿದ್ದಾರೆ. ಬಹಳ ಮಂದಿಗೆ ಪರೀಕ್ಷೆಯ ಫಲವು ಬರುವ ಮೊದಲೇ ಔಷಧವನ್ನು ಕೊಟ್ಟಾಗಿತ್ತು. ಕೊಟ್ಟದ್ದನ್ನು ಕೊಡದಂತೆ ಮಾಡುವ ಶಕ್ತಿಯು ಯಾವ ಪ್ರಮಾಣಕ್ಕೂ ಇಲ್ಲ. ಕೊಟ್ಟದ್ದನ್ನು ನಿಲ್ಲಿಸುವ ಶಕ್ತಿಯು ಉಂಟೇ ಎಂದು ನೋಡಿದರೆ, ಒಂದೆರಡು ದಿನಗಳಲ್ಲಿ ಔಷಧವನ್ನು ನಿಲ್ಲಿಸಿದವರು ಪರೀಕ್ಷೆಯ ವರ್ಗದಲ್ಲಿ ೧೦೦ಕ್ಕೆ ೧೭, ಇತರ ವರ್ಗದಲ್ಲಿ ೯. ಆಸ್ಪತ್ರೆಯಲ್ಲಿ ಉಳಿದ ಅವಧಿಯು ೬.೮ ದಿನಗಳಿಂದ ೫.೭ಕ್ಕೆ ಇಳಿದಿತ್ತು. ಇವೇ ಪುಟಗಳಲ್ಲಿರುವ ಇನ್ನೊಂದು ಸಂಖ್ಯೆಯು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಮಂಚದ ಪಕ್ಕದಲ್ಲಿ ಫಲವು ಸಿಕ್ಕಿದ್ದು ಸುಮಾರು ೨.೩ ಗಂಟೆಗಳಲ್ಲಿ, ಪ್ರಯೋಗಶಾಲೆಯಿಂದ ಸಿಕ್ಕಿದ್ದು ಸುಮಾರು ೩೭ ಗಂಟೆಗಳಲ್ಲಿ. ತುರ್ತು ವಿಭಾಗದಲ್ಲಿ ಯಾರನ್ನು ಬೇರೆ ಕೊಠಡಿಯಲ್ಲಿಡಬೇಕು, ಯಾರಿಗೆ ಇನ್‌ಫ್ಲುಯೆಂಜಾದ ಔಷಧವನ್ನು ತೊಡಗಬೇಕು ಎಂಬ ನಿರ್ಣಯಗಳು ಕೆಲವೇ ಗಂಟೆಗಳಲ್ಲಿ ಆಗಿಹೋಗುತ್ತವೆ. ಮೂವತ್ತೇಳು ಗಂಟೆಗಳ ಮೇಲೆ ಬರುವ ಸತ್ಯವು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಅದೇ ಊರಿನವರು ಇನ್‌ಫ್ಲುಯೆಂಜಾವನ್ನೇ ಗುರಿಯಾಗಿಟ್ಟು ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗವುಳ್ಳವರ ಪೈಕಿ ಶೀಘ್ರಪರೀಕ್ಷೆಯಾದ ಬಹುತೇಕ ಎಲ್ಲರಿಗೂ ತಕ್ಕ ಔಷಧವು ದೊರೆಯಿತು. ಉಳಿದ ವರ್ಗದಲ್ಲಿ ದೊರೆತದ್ದು ಮೂರರಲ್ಲಿ ಸುಮಾರು ಇಬ್ಬರಿಗೆ. ೨೦೨೪ರ ಸಮೀಕ್ಷೆಯಲ್ಲಿಯೂ ಈ ಔಷಧದ ಬಳಕೆಯು ಹೆಚ್ಚಿತು. ಎಕ್ಸ್‌ರೇ, ರಕ್ತಪರೀಕ್ಷೆಗಳು ಕಡಿಮೆಯಾದವು.

ಗಮನಿಸಿದರೆ ಇದರಲ್ಲಿ ನಮ್ಮ ಪ್ರಕೃತಕ್ಕೆ ಸೇರಿದ ಒಂದು ಕ್ರಮವು ಕಾಣುತ್ತದೆ. 'ಕಂಡಿತು' ಎಂಬುದನ್ನು ಆಧರಿಸಿದ ಕಾರ್ಯಗಳು ಬದಲಾಗಿವೆ: ಔಷಧವನ್ನು ಕೊಟ್ಟರು, ಬೇರೆಯಾಗಿ ಇರಿಸಿದರು. 'ಬ್ಯಾಕ್ಟೀರಿಯವಿಲ್ಲ' ಎಂಬುದನ್ನು ಬೇಡುವ ಕಾರ್ಯವು, ಎಂದರೆ ಆಂಟಿಬಯೋಟಿಕ್ ಕೊಡದಿರುವುದು, ಬದಲಾಗಲಿಲ್ಲ. ಹೇಗೆ ಬದಲಾದೀತು? ವೈರಾಣುವನ್ನು ಕಂಡ ಯಂತ್ರವು ಬ್ಯಾಕ್ಟೀರಿಯದ ಅಭಾವವನ್ನು ಹೇಳಲೇ ಇಲ್ಲ. ಆಂಟಿಬಯೋಟಿಕ್ಕನ್ನು ಬಿಡದ ವೈದ್ಯರನ್ನು ಹಟಮಾರಿಗಳೆಂದೂ ಅಭ್ಯಾಸಬಲದವರೆಂದೂ ಹಳಿಯುವವರುಂಟು. ಕೆಲವರ ವಿಷಯದಲ್ಲಿ ಅದು ಸರಿಯೂ ಇರಬಹುದು. ಆದರೆ ಅವರಲ್ಲಿ ಅನೇಕರು ತಮಗೆ ಗೊತ್ತಿಲ್ಲದೆಯೇ ಶುದ್ಧವಾದ ತಾರ್ಕಿಕರಂತೆ ನಡೆದಿದ್ದಾರೆಂಬುದು ನನ್ನ ಅಭಿಪ್ರಾಯ. ಒಂದರ ಭಾವದಿಂದ ಇನ್ನೊಂದರ ಅಭಾವವನ್ನು ಅವರು ಸಾಧಿಸಲಿಲ್ಲ. ಪರೀಕ್ಷೆಯನ್ನು ಮಾರುವವರು ಅದಕ್ಕಿಲ್ಲದ ಶಕ್ತಿಯನ್ನು ಆರೋಪಿಸಿ, ಅನಂತರ ಆ ಶಕ್ತಿಯು ಕಾಣಲಿಲ್ಲವೆಂದು ಇತರರು ಅದನ್ನು ಹಳಿಯುವುದು, ಎತ್ತನ್ನು ಹಾಲು ಕರೆಯಲಿಲ್ಲವೆಂದು ಬಯ್ದಂತೆ. ಉಳುವುದಕ್ಕೆ ಅದು ಸಾಕಷ್ಟು ಗಟ್ಟಿಯಾಗಿದೆ.

ಮತ್ತೊಂದು ಆಕ್ಷೇಪ: 'ನೆಗೆಟಿವ್' ಎಂಬುದು ವೈದ್ಯರ ಸಂಜ್ಞೆ, ಸಂಜ್ಞೆಗೆ ಅವರು ಕೊಟ್ಟದ್ದೇ ಅರ್ಥ, ಇದರಲ್ಲಿ ಅನ್ಯರು ತಲೆಹಾಕುವುದೇಕೆ? ಶಾಸ್ತ್ರಕಾರರು ಶಾಸ್ತ್ರಕಾರರೊಡನೆ ಮಾತನಾಡುವಾಗ ಈ ಉತ್ತರವು ಸಾಕು. 'ವೃದ್ಧಿ' ಎಂದು ಪಾಣಿನಿಯು ಆಕಾರ ಐಕಾರ ಔಕಾರಗಳಿಗೆ ಹೆಸರಿಟ್ಟರೆ ಯಾರ ಮನೆಯೂ ಹಾಳಾಗುವುದಿಲ್ಲ. ಆದರೆ ತುರ್ತು ವಿಭಾಗದಲ್ಲಿ ಸಂಜ್ಞೆಯನ್ನು ಕೇಳುವವರು ಸಂಜ್ಞಾಪ್ರಕರಣವನ್ನು ಓದಿದವರಲ್ಲ. ಅದೂ ಅಲ್ಲದೆ, ಆ ಹೊತ್ತಿನಲ್ಲಿ ಅವರು ಯಾವ ಅರ್ಥವನ್ನು ಬಯಸುತ್ತಾರೋ ಆ ಅರ್ಥವನ್ನೇ ಶಬ್ದದಿಂದ ತೆಗೆದುಕೊಳ್ಳುತ್ತಾರೆ. ನಾನೂ ಹಾಗೆಯೇ ತೆಗೆದುಕೊಂಡೆನು.

ಆದುದರಿಂದ ಕನ್ನಡದಲ್ಲಿ ವರದಿಯನ್ನು ಬರೆಯುವವರಿಗೂ, ಆಸ್ಪತ್ರೆಗಳ ಗೋಡೆಪತ್ರಗಳನ್ನು ಅನುವಾದಿಸುವವರಿಗೂ, ಪಾರಿಭಾಷಿಕ ಪದಕೋಶಗಳನ್ನು ಸಿದ್ಧಪಡಿಸುವ ಮಹನೀಯರಿಗೂ ಒಂದು ಸೂಚನೆಯನ್ನು ಮಾಡುತ್ತೇನೆ. ಹೊಸ ಶಬ್ದವನ್ನು ಟಂಕಿಸುವುದು ಬೇಡ. 'ಋಣಾತ್ಮಕ'ವನ್ನು ಗಣಿತಜ್ಞರಿಗೆ ಹಿಂದಿರುಗಿಸಿಬಿಡಬೇಕು. 'ಕಂಡಿದೆ', 'ಕಂಡಿಲ್ಲ' ಎಂಬ ಮನೆಯ ಮಾತುಗಳು ಸಾಕು. ಆದರೆ ಅವುಗಳಿಗೆ ಆಧಾರವನ್ನೂ ಕಾಲವನ್ನೂ ಸೇರಿಸಬೇಕು. "ಮೂಗಿನಿಂದ ತೆಗೆದ ಈ ಮಾದರಿಯಲ್ಲಿ ಇನ್‌ಫ್ಲುಯೆಂಜಾ ವೈರಾಣು ಕಂಡಿಲ್ಲ. ಜ್ವರ ಹಿಡಿದು ಇಂದಿಗೆ ಒಂಬತ್ತು ದಿನ. ಇನ್ನೊಂದು ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿದೆ; ಅದರ ವರದಿ ಬರುವವರೆಗೆ ರೋಗಿಯು ಬೇರೆ ಕೋಣೆಯಲ್ಲಿರತಕ್ಕದ್ದು" ಎಂದು ನಾಲ್ಕು ಸಾಲು ಅಚ್ಚು ಹಾಕಿಸಿಟ್ಟುಕೊಂಡರೆ, ದಾದಿಯು ತುಂಬಬೇಕಾದ್ದು ರೋಗದ ಹೆಸರು ಮತ್ತು ದಿನಗಳ ಎಣಿಕೆ ಮಾತ್ರ. ಹಾಗೆ ಬರೆದರೆ ಚೀಟಿಯು ಉದ್ದವಾಗುತ್ತದೆಂದು ವೈದ್ಯಮಿತ್ರರೊಬ್ಬರು ನನ್ನೊಡನೆ ವಾದಿಸಿದರು. 'ನೆಗೆಟಿವ್' ಎಂಬುದು ಒಂದು ಶಬ್ದ, ಇದು ನಾಲ್ಕು ವಾಕ್ಯ ಎಂದರು. ಮೇಲೆ ಹೇಳಿದ ಸಲಹಾಪತ್ರದ ವಿಧಿಯನ್ನು ತೆಗೆದು ತೋರಿಸಿ, ಆ ನಾಲ್ಕರಲ್ಲಿ ಯಾವುದನ್ನು ಬಿಡಬಹುದೆಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ನೋಡಿ, ದಿನಗಳ ಎಣಿಕೆಯನ್ನು ಮೊದಲಿಗೆ ಹಾಕಿರಿ ಎಂದರು.